ಅಲಾರಂ ಪ್ರೋಗ್ರಾಮೇ ನಿಂತುಹೋದರೆ ಹೇಳೋರು ಯಾರು? (2003ರ ಒಹಾಯೊ)

ಬಸ್‌ಬಾರ್220
2003 ಆಗಸ್ಟ್ 14ರಂದು ಅಮೆರಿಕ, ಕೆನಡಾದ ಕೆಲವು ಭಾಗ ಕತ್ತಲಾದದ್ದಕ್ಕೆ ಒಬ್ಬರು ಮರ ಕಾರಣ ಅಂತಾರೆ, ಇನ್ನೊಬ್ಬರು ಸಾಫ್ಟ್‌ವೇರ್ ಅಂತಾರೆ. ಯಾವುದು ಸರಿ? ಬ್ಯಾಕಪ್ ಸರ್ವರ್ ಇದ್ದೂ ಅಲಾರಂ ಹೇಗೆ ನಿಂತಿತು? ಸ್ಕಾಡಾ (ಗ್ರಿಡ್ಡನ್ನು ದೂರದಿಂದ ನೋಡಿ ನಿಯಂತ್ರಿಸೋ ಕಂಪ್ಯೂಟರ್ ವ್ಯವಸ್ಥೆ) ರೂಮಿನಲ್ಲಿ ಇದನ್ನು ಹಿಡಿಯೋಕೆ ಯಾವ ಟೆಸ್ಟ್ ಹಾಕಬೇಕು?

ಆರ್‌ಟಿಯು_ಮಿತ್ರ
ಎರಡೂ ಸರಿ. ಮರ ಲೈನ್ ಕೆಡವಿತು, ಸಾಫ್ಟ್‌ವೇರ್ ಅದನ್ನು ಯಾರಿಗೂ ಹೇಳಲಿಲ್ಲ.

ಒಹಾಯೊದ ವಿದ್ಯುತ್ ಕಂಪನಿ ಫಸ್ಟ್‌ಎನರ್ಜಿಯ ಕಂಟ್ರೋಲ್ ರೂಮಿನಲ್ಲಿ ಅಲಾರಂ ಪ್ರೋಗ್ರಾಂ ನಿಂತದ್ದು ಮಧ್ಯಾಹ್ನ 2:14ಕ್ಕೆ. ಎರಡು ಪ್ರೋಸೆಸ್‌ಗಳು ಒಂದೇ ಡೇಟಾದ ಮೇಲೆ ಒಂದೇ ಗಳಿಗೆಯಲ್ಲಿ ಬರೆಯೋಕೆ ಹೋದವು, ಡೇಟಾ ಕೆಟ್ಟಿತು, ಅಲಾರಂ ಪ್ರೋಗ್ರಾಂ ಲೂಪಿನಲ್ಲಿ ಸಿಕ್ಕಿಕೊಂಡಿತು. ಇದನ್ನೇ ರೇಸ್ ಕಂಡಿಷನ್ ಅನ್ನೋದು. ಮಿಲಿಸೆಕೆಂಡುಗಳ ಲೆಕ್ಕದ ಕಾಕತಾಳೀಯ, ಫ್ಯಾಕ್ಟರಿ ಟೆಸ್ಟಿನಲ್ಲಿ ಸಿಗೋದು ತೀರಾ ಅಪರೂಪ.

ಹೊಸ ಘಟನೆಗಳು ಬರ್ತಾನೇ ಇದ್ದವು, ಮುಂದಕ್ಕೆ ಹೋಗಲಿಲ್ಲ. 2:41ಕ್ಕೆ ಮುಖ್ಯ ಸರ್ವರ್ ಬಿತ್ತು. ಬ್ಯಾಕಪ್ ಎದ್ದಿತು, ಆದರೆ ಸಿಕ್ಕಿಬಿದ್ದ ಅಲಾರಂ ಪ್ರೋಗ್ರಾಮನ್ನೂ ಹಾಗೇ ಹೊತ್ತುಕೊಂಡು. 2:54ಕ್ಕೆ ಅದೂ ಬಿತ್ತು. ಹಾರ್ಡ್‌ವೇರ್ ಸುಟ್ಟರೆ ಬ್ಯಾಕಪ್ ಕಾಪಾಡುತ್ತೆ. ಅದೇ ಕೋಡ್, ಅದೇ ಕೆಟ್ಟ ಡೇಟಾ ಆದರೆ ಎರಡನೇ ಸಲವೂ ಅದೇ ಸಾವು. 1–3 ಸೆಕೆಂಡಿಗೆ ಬದಲಾಗಬೇಕಾದ ಸ್ಕ್ರೀನ್ 59 ಸೆಕೆಂಡಿನವರೆಗೂ ತಡವಾಯಿತು.

3:05ಕ್ಕೆ ಹಾರ್ಡಿಂಗ್–ಚೇಂಬರ್ಲಿನ್ 345 ಕೆವಿ ಲೈನ್ ಮರಕ್ಕೆ ತಾಗಿ ಟ್ರಿಪ್ (ರಕ್ಷಣೆಗಾಗಿ ತಾನೇ ಕಡಿತ). ಆಗ ಅದರ ಲೋಡ್ ರೇಟಿಂಗಿನ 44% ಮಾತ್ರ, ಓವರ್‌ಲೋಡಿನಿಂದ ಜೋತದ್ದಲ್ಲ. ಲೈನ್ ಕೆಳಗೆ ಮರ ಬೆಳೆಯೋಕೆ ಬಿಟ್ಟಿದ್ದರು. 3:08ಕ್ಕೆ ಐಟಿಯವರು ಸರ್ವರ್ ರೀಬೂಟ್ ಮಾಡಿ, ಓಡ್ತಿದೆ ಅಂತ ನೋಡಿ ಸುಮ್ಮನಾದರು. ‘ಅಲಾರಂ ಬರ್ತಿದೆಯಾ’ ಅಂತ ಆಪರೇಟರನ್ನು ಕೇಳಲಿಲ್ಲ. ನನ್ನ ಮಟ್ಟಿಗೆ ಮೂಲ ಬಗ್‌ಗಿಂತ ದೊಡ್ಡ ತಪ್ಪು ಇದು. 3:32, 3:41ಕ್ಕೆ ಇನ್ನೆರಡು 345 ಕೆವಿ ಲೈನ್ ಹೋದವು. 4:06ರ ಹೊತ್ತಿಗೆ ಸ್ಯಾಮಿಸ್–ಸ್ಟಾರ್ ಲೈನ್ ಹೋದಮೇಲೆ ಕೆಲವೇ ನಿಮಿಷ, ಸುಮಾರು 5 ಕೋಟಿ ಜನಕ್ಕೆ ಕರೆಂಟಿಲ್ಲ.

ಟೆಸ್ಟ್ ವಿಷಯ. ಒಂದು ಆರ್‌ಟಿಯುನಲ್ಲಿ (ಸ್ಟೇಷನ್ನಿನ ಮಾಹಿತಿ ಕಂಟ್ರೋಲ್ ರೂಮಿಗೆ ಕಳಿಸೋ ಪೆಟ್ಟಿಗೆ) ಖಾಲಿ ಡಿಜಿಟಲ್ ಪಾಯಿಂಟ್ (ಆನ್/ಆಫ್ ಸಿಗ್ನಲ್) ತಗೊಂಡು, ಅದರ ಲಾಜಿಕ್‌ನಿಂದಲೇ ನಿಮಿಷಕ್ಕೊಮ್ಮೆ ಆನ್/ಆಫ್ ಮಾಡಿಸಿ. ಅದು ಎಲ್ಲಾ ಹಂತ ದಾಟಿ ಅಲಾರಂ ಪಟ್ಟಿಗೆ ಬರಬೇಕು. ಬೇರೆ ಪಿಸಿ ಆ ಪಟ್ಟಿಯನ್ನೇ ಓದಲಿ. 150 ಸೆಕೆಂಡ್ ಹೊಸ ಸಾಲು ಬರದಿದ್ದರೆ ಹೂಟರ್. ಬಹಳ ಕಡೆ ಮಾಡೋ ತಪ್ಪು ಅಂದರೆ ಪಟ್ಟಿ ಬಿಟ್ಟು ಡೇಟಾಬೇಸ್ ಓದೋದು, ಅಥವಾ ಸರ್ವರ್‌ಗೆ ಬರೀ ಪಿಂಗ್ (ಓಡ್ತಿದೆಯಾ ಅಂತ ಕೇಳೋ ಸಣ್ಣ ಸಂದೇಶ) ಹಾಕೋದು. ಒಹಾಯೊದಲ್ಲಿ ಅಲಾರಂ ನಿಂತಮೇಲೂ ಸರ್ವರ್ ಅರ್ಧ ತಾಸು ಓಡಿತ್ತು, ಪಿಂಗ್ ಹಾಕಿದ್ದರೆ ಎಲ್ಲಾ ಹಸಿರೇ ಕಾಣ್ತಿತ್ತು. ಹೂಟರ್ ರಿಲೇಯ ಕಾಯಿಲ್ ಸದಾ ಎನರ್ಜೈಸ್ ಆಗಿರಲಿ, ಕರೆಂಟ್ ಹೋದಾಗ ಕೂಗಲಿ. ಕಾಯೋ ಪಿಸಿಯೇ ಆಫ್ ಆದರೂ ಗೊತ್ತಾಗುತ್ತೆ. ಪಾಯಿಂಟ್ ಬದಲಾದ ಸಮಯಕ್ಕೂ ಪಟ್ಟಿಗೆ ಬಂದ ಸಮಯಕ್ಕೂ ಇರುವ ಅಂತರ ದಾಖಲಿಸಿ. ಅದು ನಿಧಾನಕ್ಕೆ ಏರ್ತಿದ್ದರೆ ಕ್ಯೂ ಕಟ್ಟಿಕೊಳ್ತಿದೆ ಅಂತ ಅರ್ಥ.

ಮ್ಹೋವೃತ್ತ
ಮೇಲಿನವರು ಸ್ಯಾಮಿಸ್–ಸ್ಟಾರ್ ಬಗ್ಗೆ ಬೇಗ ಮುಗಿಸಿಬಿಟ್ಟರು. ಅಲ್ಲಿ ಫಾಲ್ಟೇ (ಶಾರ್ಟ್ ಸರ್ಕ್ಯೂಟ್) ಇರಲಿಲ್ಲ. ಲೋಡ್ ಏರಿ ವೋಲ್ಟೇಜ್ ಕುಸಿದು, ಲೋಡನ್ನೇ ದೂರದ ಫಾಲ್ಟ್ ಅಂತ ಝೋನ್-3 (ರಕ್ಷಣಾ ರಿಲೇಯ ಅತಿ ದೂರ ನೋಡೋ, ತಡಮಾಡಿ ಟ್ರಿಪ್ ಮಾಡೋ ಹಂತ) ಎಣಿಸಿತು. ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಓಂ ನೋಡುತ್ತೆ, ಅದು ತನ್ನ ರೀಚ್‌ಗಿಂತ (ಮಿತಿ) ಕಡಿಮೆಯಾದರೆ ಫಾಲ್ಟ್ ಅನ್ನುತ್ತೆ.

400 ಕೆವಿ ಲೈನಿಗೆ ಒಂದು ಲೆಕ್ಕ. ಝೋನ್-3 ಮ್ಹೋ (ವೃತ್ತಾಕಾರದ ವಲಯ) ರೀಚ್ 75°ನಲ್ಲಿ 160 ಓಂ ಅಂತ ಇಟ್ಕೊಳ್ಳಿ (ಪ್ರೈಮರಿ). ಲೋಡ್ ಕೋನ 30°ನಲ್ಲಿ ರೀಚ್ 160 × ಕಾಸ್ 45° = 113 ಓಂ. 1000 ಎಂವಿಎ (ಹರಿಯೋ ವಿದ್ಯುತ್ತಿನ ಅಳತೆ) ಹೋಗ್ತಿದ್ದರೆ ರಿಲೇ ಕಾಣೋದು 400²/1000 = 160 ಓಂ, ತೊಂದರೆಯಿಲ್ಲ. ವೋಲ್ಟೇಜ್ 340ಕ್ಕೆ ಇಳಿದರೆ 115.6. ಅದರ ಮೇಲೆ ಬರೀ 30 ಎಂವಿಎ ಏರಿದರೆ 112, ವೃತ್ತದ ಒಳಗೆ. ಟೈಮರ್ ಮುಗಿದ ತಕ್ಷಣ ಟ್ರಿಪ್. ಅದಕ್ಕೇ ಆಮೇಲೆ ಅಮೆರಿಕದಲ್ಲಿ ಸಾಮಾನ್ಯದ 0.85 ಪಟ್ಟು ವೋಲ್ಟೇಜ್, 30° ಕೋನ, ಎಮರ್ಜೆನ್ಸಿ ರೇಟಿಂಗಿನ 150% ಕರೆಂಟಿಗೂ ರಿಲೇ ಬೀಳಬಾರದು ಅಂತ ನಿಯಮ ತಂದರು. ದಾರಿ: ರೀಚ್ ಕಡಿಮೆ ಮಾಡಿ, ಇಲ್ಲವೇ ಲೋಡ್ ಬ್ಲೈಂಡರ್ (ಲೋಡ್ ಇರೋ ಜಾಗದಲ್ಲಿ ರಿಲೇಯನ್ನು ತಡೆಯೋ ಗೆರೆ) ಹಾಕಿ. ಬ್ಲೈಂಡರನ್ನು ಸಾಮಾನ್ಯ ವೋಲ್ಟೇಜಿಗೆ ಲೆಕ್ಕ ಹಾಕಿದರೆ ಹಾಕಿದ್ದೂ ದಂಡ.

ನಮ್ಮಲ್ಲೂ 2012 ಜುಲೈ 30ರ ಬೆಳಗಿನ ಜಾವ 2:33ಕ್ಕೆ ಬೀನಾ–ಗ್ವಾಲಿಯರ್ ಲೈನ್ ಬಿದ್ದದ್ದು ಝೋನ್-3 ಲೋಡ್ ಎನ್‌ಕ್ರೋಚ್‌ಮೆಂಟಿನಿಂದಲೇ (ಲೋಡ್ ಹೀಗೆ ವೃತ್ತದೊಳಗೆ ನುಗ್ಗೋದು). ಮಾರನೇ ದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ ಮಲಗಿದವು.

ಬಸ್‌ಬಾರ್220
ಧನ್ಯವಾದ ಸರ್. 2012ರಲ್ಲಿ ಕರ್ನಾಟಕಕ್ಕೆ ಯಾಕೆ ತಟ್ಟಲಿಲ್ಲ? ಇನ್ನೊಂದು, ಅಲಾರಂ ಸತ್ತಿದೆ ಅಂತ ಹೂಟರ್ ಹೇಳಿದರೆ ಆಪರೇಟರ್ ಮೊದಲು ಮಾಡೋದೇನು?

ಮ್ಹೋವೃತ್ತ
ಆಗ ದಕ್ಷಿಣ ಗ್ರಿಡ್ ಬೇರೆ ಗ್ರಿಡ್‌ಗಳಿಗೆ ಸೇರಿದ್ದು ಡಿಸಿ ಕೊಂಡಿಗಳಿಂದ ಮಾತ್ರ, ತಾಲ್ಚೇರ್–ಕೋಲಾರ ಥರದವು. ಆ ಕಡೆಯ ಫ್ರೀಕ್ವೆನ್ಸಿ ಕುಸಿದರೂ ಈ ಕಡೆಗೆ ದಾಟಲ್ಲ. 2013 ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಬಂದಮೇಲೆ ನಾವೂ ಅದೇ ಫ್ರೀಕ್ವೆನ್ಸಿಯಲ್ಲಿದ್ದೀವಿ.

ಆರ್‌ಟಿಯು_ಮಿತ್ರ
ಮೊದಲು ಫೋನ್. ಮುಖ್ಯ ಸ್ಟೇಷನ್‌ಗಳಿಂದ ಬ್ರೇಕರ್ ಸ್ಥಿತಿ, ಬಸ್ ವೋಲ್ಟೇಜ್ 15 ನಿಮಿಷಕ್ಕೊಮ್ಮೆ ಕೇಳಿ ಬರೆದುಕೊಳ್ಳಿ, ಪಕ್ಕದ ಕಂಟ್ರೋಲ್ ರೂಮಿಗೂ ‘ನಮಗೆ ಕಾಣ್ತಿಲ್ಲ’ ಅಂತ ತಿಳಿಸಿ. ಒಹಾಯೊದಲ್ಲಿ 2:32ಕ್ಕೆ ನೆರೆಯ ವಿದ್ಯುತ್ ಕಂಪನಿ ಎಇಪಿಯವರು ಫೋನ್ ಮಾಡಿ, ಸ್ಟಾರ್–ಸೌತ್ ಕ್ಯಾಂಟನ್ ಲೈನ್ ಟ್ರಿಪ್ ಆಗಿ ರೀಕ್ಲೋಸ್ ಆದದ್ದರ (ತಾನೇ ಮತ್ತೆ ಸೇರಿದ್ದರ) ಬಗ್ಗೆ ಕೇಳಿದ್ದರು. ‘ನಮ್ಮಲ್ಲಿ ಅಲಾರಂ ಬಂದಿಲ್ಲ’ ಅನ್ನೋ ಉತ್ತರ ಸಿಕ್ಕಿತು. ರೀಬೂಟ್ ಆದಮೇಲೆ ಒಂದು ಸ್ಟೇಷನ್‌ನಲ್ಲಿ ಲೋಕಲ್/ರಿಮೋಟ್ ಸ್ವಿಚ್ ತಿರುಗಿಸಿಸಿ, ಆ ಅಲಾರಂ ಆಪರೇಟರ್ ಸ್ಕ್ರೀನಿನ ಮೇಲೆ ಕಂಡಮೇಲೇ ಲಾಗ್‌ಬುಕ್ಕಿನಲ್ಲಿ ‘ಸರಿಯಾಗಿದೆ’ ಅಂತ ಬರೆಯಿರಿ.