ಸಹಾಯ ಬೇಕು: ಸ್ಪ್ರಿಂಗ್ ಬೂಟ್‌ಗೆ ಯಾವ ಕೋರ್ಸ್ ಸೇರಬಹುದು?

ನಮಸ್ಕಾರ ರೀ. ರಾಯಚೂರಲ್ಲಿ, ಇಲ್ಲಾಂದ್ರ ಬಳ್ಳಾರಿಯಲ್ಲಿ, ಸ್ಪ್ರಿಂಗ್ ಬೂಟ್‌ನ (ಜಾವಾದಲ್ಲಿ ವೆಬ್ ಆ್ಯಪ್ ಕಟ್ಟೋ ಫ್ರೇಮ್‌ವರ್ಕ್) ಶನಿವಾರ-ಭಾನುವಾರದ ಬ್ಯಾಚ್ ಇದ್ರ ತಿಳಿಸ್ರಿ. ಆನ್‌ಲೈನ್ ಆದ್ರೂ ನಡೀತದ. ಕೋರ್ ಜಾವಾ, ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಬರ್ತದ. ಅದನ್ನೇ ಮತ್ತೆ ತಿಂಗಳುಗಟ್ಟಲೆ ಎಳೆಯೋದು ಬ್ಯಾಡ.

ಸಿಲಬಸ್‌ನಲ್ಲಿ ಬೂಟ್ 3 ಅಥವಾ ಅದಕ್ಕಿಂತ ಹೊಸದು ಇರಲೇಬೇಕು. 2022ರ ನವೆಂಬರ್‌ನಲ್ಲಿ ಬಂದ 3.0ರಿಂದ ಕನಿಷ್ಠ ಜಾವಾ 17 ಬೇಕು; ಸರ್ವ್ಲೆಟ್ (ವೆಬ್ ವಿನಂತಿ ನೋಡಿಕೊಳ್ಳೋದು), ಪರ್ಸಿಸ್ಟೆನ್ಸ್ (ಡೇಟಾ ಉಳಿಸೋದು) ಪ್ಯಾಕೇಜುಗಳ ಹೆಸರು ‘ಜಾವಾಕ್ಸ್’ ಹೋಗಿ ‘ಜಕಾರ್ತಾ’ ಆಗ್ಯಾವ. ಹಳೇ ವಿಡಿಯೋ ನೋಡಿ ಬರೆದ್ರ ಇಂಪೋರ್ಟ್ ಸಾಲಲ್ಲೇ ಎರರ್. ಸೆಕ್ಯುರಿಟಿ ಪಾಠದಲ್ಲಿ ಇನ್ನೂ ವೆಬ್‌ಸೆಕ್ಯುರಿಟಿಕಾನ್ಫಿಗರರ್‌ಅಡಾಪ್ಟರ್ ಅನ್ನೋ ಹಳೇ ಜಾವಾ ಕ್ಲಾಸ್ ಇದ್ರ ಆ ಕೋರ್ಸ್ ಬಿಟ್ಟುಬಿಡೋದೇ ಸೈ: ಅದನ್ನ ಸ್ಪ್ರಿಂಗ್ ಸೆಕ್ಯುರಿಟಿ 6ರಲ್ಲಿ ತೆಗೆದಾರ, ಈಗ ಸೆಕ್ಯುರಿಟಿಫಿಲ್ಟರ್‌ಚೈನ್ ಬೀನ್ (ಸ್ಪ್ರಿಂಗ್ ನೋಡಿಕೊಳ್ಳೋ ಆಬ್ಜೆಕ್ಟ್) ಬರೀಬೇಕು.

ಜೆಪಿಎ (ಜಾವಾದಿಂದ ಡೇಟಾಬೇಸ್ ಬಳಸೋ ವಿಧಾನ), ಜೆಯೂನಿಟ್ 5 (ಕೋಡ್ ಟೆಸ್ಟ್ ಮಾಡೋ ಸಾಧನ), ಡಾಕರ್ (ಆ್ಯಪ್ ಪ್ಯಾಕ್ ಮಾಡಿ ಓಡಿಸೋ ಸಾಧನ) ಮೂರೂ ಒಂದೇ ಪ್ರಾಜೆಕ್ಟಿನಲ್ಲಿ ಮಾಡಿಸ್ತಾರಾ? ಸರ್ಟಿಫಿಕೇಟ್ ಇರಲಿ ಬಿಡಲಿ. ಫೀಸು, ಡೆಮೊ ಕ್ಲಾಸಿನ ವಿವರ ಗೊತ್ತಿದ್ದವರು ಹೇಳ್ರಿ.