ತಿಂಗಳ ಕೊನೆಗೆ ಇಆರ್‌ಪಿಯಲ್ಲಿ ಒಂದೇ ಆರ್ಡರ್ ಎರಡೆರಡು ಸಲ: ಎಲ್ಲಿ ತಡೆಯಬೇಕು?

ಪ್ರಶ್ನೆ:
ನಮ್ಮ ಮಾರಾಟದ ಸಾಫ್ಟ್‌ವೇರ್ ಸೇಲ್ಸ್‌ಫೋರ್ಸ್‌ನಲ್ಲಿ ಆರ್ಡರ್ ಆ್ಯಕ್ಟಿವೇಟ್ ಆದ ಕೂಡಲೇ ಎಸ್‌ಕ್ಯೂಎಸ್ (ಅಮೆಜಾನ್‌ನ ಮೆಸೇಜ್ ಸರತಿ ಸೇವೆ) ಸ್ಟ್ಯಾಂಡರ್ಡ್ ಕ್ಯೂಗೆ ಮೆಸೇಜ್ ಬೀಳುತ್ತದೆ. ಕಂಟೇನರ್‌ನಲ್ಲಿ ಓಡುವ ಎರಡು ವರ್ಕರ್‌ಗಳು (ಕ್ಯೂನಿಂದ ಮೆಸೇಜ್ ಓದುವ ಪ್ರೋಗ್ರಾಂಗಳು) 10-10 ಮೆಸೇಜ್ ಎತ್ತಿಕೊಂಡು ಒಂದೊಂದಾಗಿ ಇಆರ್‌ಪಿ (ಆರ್ಡರ್, ಲೆಕ್ಕ ನೋಡಿಕೊಳ್ಳುವ ಕಂಪನಿಯ ಸಾಫ್ಟ್‌ವೇರ್) ಎಪಿಐಗೆ ಪೋಸ್ಟ್ ಮಾಡುತ್ತವೆ. ತಿಂಗಳ ಕೊನೆಯಲ್ಲಿ ಇಆರ್‌ಪಿ ಉತ್ತರ ಕೊಡಲು 40 ಸೆಕೆಂಡ್‌ವರೆಗೂ ಎಳೆಯುತ್ತದೆ. ಆಗಲೇ ಕೆಲವು ಆರ್ಡರ್ ಎರಡೆರಡು ಆಗುತ್ತಿವೆ. ಕ್ಯೂ ಸೆಟ್ಟಿಂಗ್ ಎಲ್ಲ ಡೀಫಾಲ್ಟ್. ಫಿಫೋ (ಬಂದ ಕ್ರಮದಲ್ಲೇ ಕೊಡುವ) ಕ್ಯೂಗೆ ಬದಲಾಯಿಸಿದರೆ ಸಾಕೇ?

ಉತ್ತರ 1:
ಸಾಲದು. ವಿಸಿಬಿಲಿಟಿ ಟೈಮ್‌ಔಟ್, ಅಂದರೆ ಎತ್ತಿದ ಮೆಸೇಜ್ ಬೇರೆ ವರ್ಕರ್‌ಗೆ ಕಾಣದಿರುವ ಅವಧಿ, ಡೀಫಾಲ್ಟ್ 30 ಸೆಕೆಂಡ್. ಅಷ್ಟರೊಳಗೆ ಮೆಸೇಜ್ ಡಿಲೀಟ್ ಆಗದಿದ್ದರೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ, ಇನ್ನೊಂದು ವರ್ಕರ್ ಎತ್ತಿಕೊಳ್ಳುತ್ತದೆ. ಫಿಫೋದಲ್ಲೂ ಇದೇ ಕಥೆ. ಅದರ 5 ನಿಮಿಷದ ಡೀಡುಪ್ಲಿಕೇಶನ್ (ನಕಲು ತಡೆ) ಕ್ಯೂಗೆ ಕಳಿಸುವ ಬದಿಯದು, ಓದುವ ಬದಿಯದಲ್ಲ.

ಹತ್ತು ಮೆಸೇಜ್ ಒಟ್ಟಿಗೆ ಎತ್ತಿದ ಕ್ಷಣವೇ ಹತ್ತಕ್ಕೂ ಗಡಿಯಾರ ಶುರು. ಹತ್ತನೆಯದು ಮುಗಿಯುವಾಗ 400 ಸೆಕೆಂಡ್ ಕಳೆದಿರಬಹುದು. ಹಾಗಾಗಿ ಒಂದು ಸಲಕ್ಕೆ ಒಂದೇ ಮೆಸೇಜ್ ಎತ್ತಿ, ಎಚ್‌ಟಿಟಿಪಿ ಟೈಮ್‌ಔಟ್ (ಇಆರ್‌ಪಿ ಉತ್ತರಕ್ಕೆ ಕಾಯುವ ಮಿತಿ) 60, ವಿಸಿಬಿಲಿಟಿ 120 ಸೆಕೆಂಡ್ ಇಡಿ.

ಉತ್ತರ 2:
ಮೇಲಿನದು ಮಾಡಲೇಬೇಕು, ಆದರೆ ಅದರಿಂದ ಡೂಪ್ಲಿಕೇಟ್ ಕಡಿಮೆಯಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಸ್ಟ್ಯಾಂಡರ್ಡ್ ಕ್ಯೂ ಒಂದು ಮೆಸೇಜನ್ನು ಎರಡು ಸಲ ಕೊಟ್ಟರೂ ಅದು ತಪ್ಪಲ್ಲ. ನಿಜವಾದ ತಡೆ ಇಆರ್‌ಪಿ ಟೇಬಲ್‌ನಲ್ಲಿ ಇರಬೇಕು: ಸೇಲ್ಸ್‌ಫೋರ್ಸ್ ಆರ್ಡರ್ ಐಡಿಗೆ ಒಂದು ಕಾಲಮ್, ಅದರ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡನೇ ಸಲ ಸೇರದ ನಿಯಮ).

18 ಅಕ್ಷರದ ಐಡಿಯನ್ನೇ ಬಳಸಿ. 15 ಅಕ್ಷರದ್ದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಆ ವ್ಯತ್ಯಾಸ ನೋಡದ ಡೇಟಾಬೇಸ್ ಆದರೆ ಎರಡು ಬೇರೆ ಆರ್ಡರ್‌ಗಳು ಒಂದೇ ಎಂದಾಗಿಬಿಡಬಹುದು. ಈ ಗುರುತಿನ ಕೀಯನ್ನು ವರ್ಕರ್‌ನಲ್ಲಿ ಯುಯುಐಡಿಯಾಗಿ (ಪ್ರತಿ ಸಲ ಹೊಸದಾಗಿ ಬರುವ ಗುರುತು) ಹುಟ್ಟಿಸುವವರೂ ಇದ್ದಾರೆ. ಪ್ರತಿ ರಿಟ್ರೈಗೂ ಹೊಸ ಕೀ ಬಂದರೆ ಅದರಿಂದೇನು ಪ್ರಯೋಜನ?

‘ಮೊದಲು ಹುಡುಕು, ಇಲ್ಲದಿದ್ದರೆ ಸೇರಿಸು’ ಎಂಬ ಕೋಡ್ ಕೂಡ ಬೇಡ. ಎರಡೂ ವರ್ಕರ್ ಒಂದೇ ಹೊತ್ತಿಗೆ ಹುಡುಕಿ, ಎರಡಕ್ಕೂ ‘ಇಲ್ಲ’ ಎಂದು ಬಂದು, ಎರಡೂ ಸೇರಿಸುತ್ತವೆ. ನೇರವಾಗಿ ಸೇರಿಸಿ. ಆ ಐಡಿ ಆಗಲೇ ಇದೆ ಎಂದು 409 (ಘರ್ಷಣೆ ಎಂಬ ಎಚ್‌ಟಿಟಿಪಿ ಉತ್ತರ) ಬಂದರೆ ಅದನ್ನು ಯಶಸ್ಸೆಂದೇ ಹಿಡಿದು ಮೆಸೇಜ್ ಡಿಲೀಟ್ ಮಾಡಿ.

ಪ್ರಶ್ನೆ ಕೇಳಿದವರು:
ಇಆರ್‌ಪಿ ಟೇಬಲ್ ಮುಟ್ಟಲು ವೆಂಡರ್ ಬಿಡುವುದಿಲ್ಲ. ಗ್ರಾಹಕರ ರೆಫರೆನ್ಸ್ ನಂಬರ್ ಫೀಲ್ಡ್ ಮಾತ್ರ ಖಾಲಿ ಇದೆ, ಅದರಿಂದ ಹುಡುಕಬಹುದು.

ಉತ್ತರ 3:
ಹಾಗಾದರೆ ಐಡಿಯನ್ನು ಆ ಫೀಲ್ಡ್‌ನಲ್ಲಿ ಕಳಿಸಿ, ಬೀಗವನ್ನು ಡೈನಮೋಡಿಬಿಯಲ್ಲಿ (ಅಮೆಜಾನ್‌ನ ಡೇಟಾಬೇಸ್) ಹಾಕಿ. ಪೋಸ್ಟ್‌ಗೆ ಮೊದಲು ಆರ್ಡರ್ ಐಡಿಯನ್ನು ‘ಈ ಕೀ ಇಲ್ಲದಿದ್ದರೆ ಮಾತ್ರ’ ಎಂಬ ಷರತ್ತಿನೊಂದಿಗೆ ಬರೆಯಿರಿ, ಸ್ಟೇಟಸ್ ‘ನಡೆಯುತ್ತಿದೆ’. ಇಆರ್‌ಪಿಯಿಂದ 200 ಅಥವಾ 201 (ಯಶಸ್ಸಿನ ಉತ್ತರ) ಬಂದ ಮೇಲೆ ‘ಮುಗಿದಿದೆ’. ವರ್ಕರ್ ನಡುವೆಯೇ ಸತ್ತರೆ, ಅಥವಾ ಟೈಮ್‌ಔಟ್ ಆದರೆ, ದಾಖಲೆ ‘ನಡೆಯುತ್ತಿದೆ’ಯಲ್ಲೇ ಉಳಿಯುತ್ತದೆ. ಅದು ಕೆಲವು ನಿಮಿಷಕ್ಕಿಂತ ಹಳೆಯದಾಗಿದ್ದರೆ ಕುರುಡಾಗಿ ಮತ್ತೆ ಕಳಿಸಬೇಡಿ. ಟೈಮ್‌ಔಟ್ ಆಯಿತೆಂದರೆ ಆರ್ಡರ್ ಆಗಲಿಲ್ಲವೆಂದಲ್ಲ. ರೆಫರೆನ್ಸ್ ನಂಬರಿನಿಂದ ಇಆರ್‌ಪಿಯಲ್ಲಿ ಹುಡುಕಿ, ಸಿಗದಿದ್ದರೆ ಮಾತ್ರ ಕಳಿಸಿ.

400 (ಕಳಿಸಿದ ಕೋರಿಕೆಯೇ ತಪ್ಪು ಎಂಬ ಉತ್ತರ) ಬಂದದ್ದನ್ನು ರಿಟ್ರೈ ಮಾಡಿ ಫಲವಿಲ್ಲ, ಡೆಡ್ ಲೆಟರ್ ಕ್ಯೂಗೆ (ವಿಫಲ ಮೆಸೇಜ್‌ಗಳ ಕ್ಯೂ) ತಳ್ಳಿ. ಅದರ ರಿಟೆನ್ಶನ್ (ಮೆಸೇಜ್ ಉಳಿಸಿಕೊಳ್ಳುವ ಅವಧಿ) 14 ದಿನ ಇಡಿ: ಎಸ್‌ಕ್ಯೂಎಸ್ ತಾನೇ ಅಲ್ಲಿಗೆ ಸಾಗಿಸುವ ಮೆಸೇಜ್‌ಗಳಿಗೆ, ಸ್ಟ್ಯಾಂಡರ್ಡ್ ಕ್ಯೂನಲ್ಲಿ, ದಿನಗಣನೆ ಮೊದಲ ಕ್ಯೂಗೆ ಬಿದ್ದ ಹೊತ್ತಿನಿಂದಲೇ ನಡೆಯುತ್ತದೆ. ಡೀಫಾಲ್ಟ್ 4 ದಿನವೇ ಬಿಟ್ಟರೆ ಯಾರೂ ನೋಡುವ ಮೊದಲೇ ಅಳಿಸಿಹೋಗಿರಬಹುದು.