ಅಪ್‌ಡೇಟ್: ಮಕ್ಕಳೊಂದಿಗೆ ಲಾಸ್ ವೇಗಸ್‌ಗೆ ಹೋಗಿ ಬಂದೆವು

6 ಮತ್ತು 11 ವರ್ಷದ ಮಕ್ಕಳನ್ನು ಕರೆದುಕೊಂಡು ಲಾಸ್ ವೇಗಸ್‌ಗೆ ಹೋಗುವುದು ಸರಿಯೇ ಎಂದು ಹಿಂದೆ ನಾನು ಕೇಳಿದ್ದೆ. ಕ್ಯಾಸಿನೊ ಇಲ್ಲದ ಹೋಟೆಲನ್ನೇ ಆರಿಸಿಕೊಳ್ಳಿ ಎಂದು ನಿಮ್ಮಲ್ಲಿ ಹಲವರು ಹೇಳಿದ್ದಿರಿ. ಆ ಮಾತು ಕೇಳಿದ್ದರಿಂದ ನಮ್ಮ ಅರ್ಧ ತೊಂದರೆ ತಪ್ಪಿತು.

ಲಾಸ್ ವೇಗಸ್ ಇರುವ ನೆವಾಡ ರಾಜ್ಯದ ಕಾನೂನಿನಂತೆ 21 ವರ್ಷದೊಳಗಿನವರು ಜೂಜಿನ ಅಂಗಳವನ್ನು ಹಾದುಹೋಗಬಹುದೇ ಹೊರತು ಅಲ್ಲಿ ನಿಲ್ಲುವಂತಿಲ್ಲ. ಇದು ತಿಳಿದಿದ್ದರೂ, ಊಟಕ್ಕೆಂದು ಒಂದು ದೊಡ್ಡ ಹೋಟೆಲಿನೊಳಗೆ ಹೋದಾಗ, ಮಿನುಗುವ ಸ್ಲಾಟ್ ಯಂತ್ರವೊಂದರ ಮುಂದೆ ಚಿಕ್ಕವಳು ಬೆರಳು ಚಾಚಿ ನಿಂತುಬಿಟ್ಟಳು. ಕಾವಲುಗಾರರು ಸೌಜನ್ಯದಿಂದಲೇ ನಮ್ಮನ್ನು ಮುಂದೆ ಸಾಗಿಸಿದರು. ಒಳಗೆ ಸಿಗರೇಟಿನ ಹೊಗೆಯೂ ಇದ್ದುದರಿಂದ ಮಾರನೆಯ ದಿನದಿಂದ ಆದಷ್ಟೂ ಹೊರಗಿನ ದಾರಿಯಲ್ಲೇ ನಡೆದೆವು. ಬೀದಿಯ ಅಶ್ಲೀಲ ಜಾಹೀರಾತುಗಳನ್ನು ಮಾತ್ರ ಪೂರ್ತಿಯಾಗಿ ತಪ್ಪಿಸಲಾಗಲಿಲ್ಲ.

ಬೆಲಾಜಿಯೊ ಹೋಟೆಲಿನ ಮುಂದಿನ ಕಾರಂಜಿಯನ್ನು ಕತ್ತಲಾಗುತ್ತಿದ್ದಂತೆ ನೋಡಿ ಬೇಗ ಕೋಣೆಗೆ ಮರಳುತ್ತಿದ್ದೆವು. ಮ್ಯಾಂಡಲೇ ಬೇ ಹೋಟೆಲಿನ ಶಾರ್ಕ್ ರೀಫ್ ಮತ್ಸ್ಯಾಲಯವೂ ಮಕ್ಕಳಿಗೆ ಹಿಡಿಸಿತು. ಆದರೆ ನಿಜವಾದ ಸಂತೋಷ ಸಿಕ್ಕಿದ್ದು ನಗರದ ಹೊರಗೆ. 1935ರಲ್ಲಿ ಕಟ್ಟಿ ಮುಗಿಸಿದ, ಸುಮಾರು 221 ಮೀಟರ್ ಎತ್ತರದ ಹೂವರ್ ಅಣೆಕಟ್ಟು ನೆವಾಡ ಮತ್ತು ಅರಿಜೋನಗಳ ಗಡಿಯಲ್ಲಿದೆ. ನಾವು ಹೋದದ್ದು ಡಿಸೆಂಬರಿನಲ್ಲಾದ್ದರಿಂದ ಎರಡೂ ರಾಜ್ಯಗಳ ಸಮಯದಲ್ಲಿ ಒಂದು ಗಂಟೆಯ ವ್ಯತ್ಯಾಸವಿತ್ತು. ದೊಡ್ಡವನು ಗಡಿಯ ಎರಡೂ ಬದಿಗೆ ಒಂದೊಂದು ಕಾಲಿಟ್ಟು, ತಾನೀಗ ಎರಡು ಗಂಟೆಗಳಲ್ಲಿ ನಿಂತಿದ್ದೇನೆ ಎಂದು ಕೂಗಿದ. ರೆಡ್ ರಾಕ್ ಕಣಿವೆಗೆ ಅರ್ಧ ದಿನವಷ್ಟೇ ಇಟ್ಟುಕೊಂಡಿದ್ದೆವು, ಅದು ಸಾಲಲಿಲ್ಲ. ಮತ್ತೆ ಹೋದರೆ ನಗರಕ್ಕೆ ಎರಡೇ ದಿನ ಕೊಟ್ಟು, ಉಳಿದ ದಿನಗಳನ್ನು ಆ ಕೆಂಬಂಡೆಗಳ ನಡುವೆ ಕಳೆಯುತ್ತೇನೆ.